ಬ್ಲೆಂಡರ್‌ನಲ್ಲಿ ಹುಲ್ಲು ಬೆಳೆಸುವುದು ಹೇಗೆ?

ಬ್ಲೆಂಡರ್ ಎಂದರೆ 3ಡಿ ಚಿತ್ರ ಮಾಡುವ ತಂತ್ರಾಂಶ. ಅದರಿಂದ ಕಂಪ್ಯೂಟರ್‌ನಲ್ಲಿ ಬೆಟ್ಟ ಎಬ್ಬಿಸುವುದು ಸುಲಭ. ಆಕಾಶವಂತೂ ಒಂದು ಕ್ಲಿಕ್ಕಿನ ಕೆಲಸ. ಹೊಸಬರ ಚಿತ್ರ ಸಿಕ್ಕಿಬೀಳುವುದು ಹುಲ್ಲಿನಲ್ಲಿ. ಲಕ್ಷಗಟ್ಟಲೆ ಎಸಳು ಇರುತ್ತವೆ, ನೆರಳೂ ಬಿದ್ದಿರುತ್ತದೆ. ಆದರೂ ಮದುವೆ ಮಂಟಪಕ್ಕೆ ಹಾಸಿದ ಪ್ಲಾಸ್ಟಿಕ್ ಚಾಪೆ ತರಹ ಕಾಣುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ, ಎಸಳು ಇನ್ನೂ ಜಾಸ್ತಿ ಮಾಡುತ್ತಾರೆ. ಕಂಪ್ಯೂಟರ್ ಏದುಸಿರು ಬಿಡುತ್ತದೆ, ಚಾಪೆ ಇನ್ನಷ್ಟು ದಪ್ಪವಾಗುತ್ತದೆ.

ಮುಳ್ಳಯ್ಯನಗಿರಿಯ ಒಂದು ಇಳಿಜಾರನ್ನೇ ಮಾಡೋಣ. ಮಳೆಗಾಲ ಈಗಷ್ಟೇ ಮುಗಿದಿದೆ ಅಂದುಕೊಳ್ಳಿ. ಬ್ಲೆಂಡರ್ ಉಚಿತ, ಆವೃತ್ತಿ 3.2 ಅಥವಾ ಅದಕ್ಕಿಂತ ಹೊಸದು ಇರಲಿ. ಹಳೆಯ ಟ್ಯುಟೋರಿಯಲ್‌ಗಳು ಪಾರ್ಟಿಕಲ್ ಸಿಸ್ಟಮ್‌ನಲ್ಲಿ ಹೇರ್ (ಕೂದಲು ಬೆಳೆಸುವ ಸವಲತ್ತು) ಬಳಸಿ ಎನ್ನುತ್ತವೆ. ಬಳಸಬೇಡಿ. ಮುಂದೆ ಬರುವ ಮುಖ್ಯ ಕೆಲಸಕ್ಕೆ ಅದರಲ್ಲಿ ಸುಮ್ನೆ ಪರದಾಡುತ್ತೀರಿ. ನೇರ ಜಿಯಾಮೆಟ್ರಿ ನೋಡ್ಸ್‌ಗೆ ಹೋಗಿ. ಒಂದೊಂದು ಕೆಲಸ ಮಾಡುವ ಪುಟ್ಟ ಪೆಟ್ಟಿಗೆಗಳನ್ನು (ನೋಡ್) ಎಳೆಗಳಿಂದ ಜೋಡಿಸಿ ಆಕಾರ ಕಟ್ಟುವ ವಿಧಾನ ಅದು.

ಮೊದಲು ಎಸಳು

ಒಂದು ಪ್ಲೇನ್ (ಚಪ್ಪಟೆ ಹಾಳೆಯಂಥ ಆಕಾರ) ತೆಗೆದುಕೊಂಡು 20 ಸೆಂಟಿಮೀಟರ್ ಎತ್ತರ, ಬುಡದಲ್ಲಿ 5 ಮಿಲಿಮೀಟರ್ ಅಗಲ ಮಾಡಿ. ಉದ್ದಕ್ಕೆ ನಾಲ್ಕು ಭಾಗ ಮಾಡಿ, ತುದಿ ಚೂಪು ಮಾಡಿ, ಸ್ವಲ್ಪ ಬಾಗಿಸಿ. ನಡುವಿನ ನರದಲ್ಲಿ ಚೂರು ಮಡಚಿ. ಆ ಮಡಿಕೆಯ ಒಂದು ಪಕ್ಕಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು ಬೀಳುತ್ತದೆ. ಎಸಳಿಗೆ ಜೀವ ಬರುವುದೇ ಅಲ್ಲಿಂದ.

ಇಂಥ ಹತ್ತು ಹದಿನೈದು ಎಸಳು ಸೇರಿಸಿ ಒಂದು ಬುಡ ಮಾಡಿ. ಬೇರೆ ಬೇರೆ ಆಕಾರದ ಏಳೆಂಟು ಬುಡಗಳು ಸಾಕು. ಪ್ರತಿ ಬುಡದಲ್ಲೂ ಒಂದೆರಡು ಒಣಗಿದ ಎಸಳು ಇರಲೇಬೇಕು, ಅಪ್ಪಟ ಹಸಿರು ಬುಡ ಯಾವ ಗುಡ್ಡದಲ್ಲೂ ಇಲ್ಲ. ಒರಿಜಿನ್ (ವಸ್ತುವಿನ ಆಧಾರಬಿಂದು) ಬುಡದ ಕೆಳತುದಿಯಲ್ಲಿರಲಿ, ಸ್ಕೇಲ್ ಮತ್ತು ರೊಟೇಶನ್ ಅಪ್ಲೈ ಮಾಡಿ. ಎಲ್ಲವನ್ನೂ ಫೋಲ್ಡರ್ ತರಹದ ಒಂದು ಕಲೆಕ್ಷನ್‌ಗೆ ಹಾಕಿ.

ದುಡ್ಡು ಕೊಟ್ಟರೆ ರೆಡಿಮೇಡ್ ಹುಲ್ಲಿನ ಪ್ಯಾಕ್ ಸಿಗುತ್ತದೆ ನಿಜ. ಆದರೆ ಒಂದೊಂದು ಎಸಳಿಗೂ 4ಕೆ ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ದೊಡ್ಡ ಚಿತ್ರ) ತುಂಬಿರುವವನ್ನು ಮುಟ್ಟಬೇಡಿ. ಪರದೆಯ ಮೇಲೆ ಎಸಳಿನ ಅಗಲ ಮೂರೋ ನಾಲ್ಕೋ ಪಿಕ್ಸೆಲ್, ಅದಕ್ಕೆ ಅಷ್ಟು ದೊಡ್ಡ ಚಿತ್ರ ಯಾಕೆ ಅಲ್ವಾ? ಚಪ್ಪಟೆ ಕಾರ್ಡಿನ ಮೇಲೆ ಹುಲ್ಲಿನ ಫೋಟೋ ಅಂಟಿಸುವ ಶಾರ್ಟ್‌ಕಟ್ ಗೇಮ್‌ಗಳಿಗೆ ಸರಿ. ಬ್ಲೆಂಡರ್‌ನ ರೆಂಡರ್ ಎಂಜಿನ್ (ಅಂತಿಮ ಚಿತ್ರ ತೆಗೆಯುವ ಭಾಗ) ಆದ ಸೈಕಲ್ಸ್‌ನಲ್ಲಿ ಪಾರದರ್ಶಕ ಪದರಗಳ ಮಿತಿ ಡೀಫಾಲ್ಟ್ ಆಗಿ 8. ಒಂದರ ಹಿಂದೊಂದು ಕಾರ್ಡು ಬಂದರೆ ನಡುನಡುವೆ ಕಪ್ಪು ಕಲೆ ಏಳುತ್ತದೆ.

ಹರಡುವುದು: ಎಲ್ಲರೂ ಕೆಡಿಸುವ ಜಾಗ

ನೆಲಕ್ಕೆ ಜಿಯಾಮೆಟ್ರಿ ನೋಡ್ಸ್ ಹಾಕಿ, ನೆಲದ ಮೇಲೆ ಬಿಂದು ಹರಡುವ ಡಿಸ್ಟ್ರಿಬ್ಯೂಟ್ ಪಾಯಿಂಟ್ಸ್ ಆನ್ ಫೇಸಸ್, ಅದರ ಮುಂದೆ ಪ್ರತಿ ಬಿಂದುವಿನಲ್ಲೂ ಬುಡದ ನಕಲು ಇಡುವ ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್ ಜೋಡಿಸಿ. ಬುಡಗಳನ್ನು ಅದಕ್ಕೆ ಒದಗಿಸುವ ಕಲೆಕ್ಷನ್ ಇನ್ಫೋದಲ್ಲಿ ಸೆಪರೇಟ್ ಚಿಲ್ಡ್ರನ್, ರೀಸೆಟ್ ಚಿಲ್ಡ್ರನ್ ಎರಡೂ ಟಿಕ್ ಮಾಡಿ. ಇನ್‌ಸ್ಟನ್ಸ್ ನೋಡ್‌ನಲ್ಲಿ ಪಿಕ್ ಇನ್‌ಸ್ಟನ್ಸ್ ಟಿಕ್ ಮಾಡುವುದನ್ನು ಮರೆತರೆ ಎಂಟೂ ಬುಡ ಒಂದೇ ಜಾಗದಲ್ಲಿ ಏಳುತ್ತವೆ. ಡಿಸ್ಟ್ರಿಬ್ಯೂಟ್ ನೋಡ್ ಪಾಯ್ಸನ್ ಡಿಸ್ಕ್‌ನಲ್ಲಿರಲಿ. ಕನಿಷ್ಠ ದೂರ 0.05 ಮೀಟರ್, ಗರಿಷ್ಠ ಡೆನ್ಸಿಟಿ (ಚದರ ಮೀಟರಿಗೆ ಎಷ್ಟು ಬುಡ) 150. 10 ಮೀಟರ್ ಉದ್ದಗಲದ ನೆಲದಲ್ಲಿ ಹೆಚ್ಚೆಂದರೆ 15,000 ಬುಡ, ಎಸಳು ಲೆಕ್ಕ ಹಾಕಿದರೆ ಎರಡು ಲಕ್ಷದ ಆಸುಪಾಸು. ಹೆದರಬೇಡಿ, ಮೆಮೊರಿಯಲ್ಲಿ ಕೂರುವುದು ಆ ಏಳೆಂಟು ಬುಡಗಳ ಮೆಶ್ (ಆಕಾರದ ಜಾಲರಿ) ಮಾತ್ರ, ಉಳಿದವು ಅವುಗಳ ನಕಲು.

ಇಲ್ಲಿಯವರೆಗೆ ಎಲ್ಲರೂ ಬರುತ್ತಾರೆ. ಮುಂದೆ ರ‍್ಯಾಂಡಮ್ ವ್ಯಾಲ್ಯೂ ನೋಡ್ ತಂದು ಎತ್ತರಕ್ಕೊಂದು, ಬಣ್ಣಕ್ಕೊಂದು, ತಿರುವಿಗೊಂದು ಜೋಡಿಸಿ ಮುಗಿಯಿತು ಎನ್ನುತ್ತಾರೆ. ದೂರದಿಂದ ನೋಡಿ, ಆ ಏರುಪೇರೆಲ್ಲ ಕಲೆತು ಮತ್ತೆ ಚಾಪೆಯೇ ಆಗಿರುತ್ತದೆ. ಗುಡ್ಡದಲ್ಲಿ ಹಾಗಿರುವುದಿಲ್ಲ. ನೀರು ನಿಲ್ಲುವ ತಗ್ಗಿನಲ್ಲಿ ಹುಲ್ಲು ದಟ್ಟ, ಅಲ್ಲೇ ಎತ್ತರ, ಅಲ್ಲೇ ಕಡು ಹಸಿರು. ಬಂಡೆ ಮೇಲಿನ ತೆಳು ಮಣ್ಣಿನಲ್ಲಿ ವಿರಳ, ಗಿಡ್ಡ, ಹಳದಿ. ಮೂರೂ ಒಟ್ಟಿಗೇ ಬದಲಾಗುತ್ತವೆ, ಯಾಕೆಂದರೆ ಕಾರಣ ಒಂದೇ. ಹಾಗಾಗಿ ನಿಮ್ಮ ದಟ್ಟಣೆ, ಎತ್ತರ, ಬಣ್ಣ ಮೂರನ್ನೂ ಒಂದೇ ನಾಯ್ಸ್ (ಮೋಡದಂತೆ ಮೆಲ್ಲಗೆ ಏರಿಳಿಯುವ ಬೆಲೆಗಳ ವಿನ್ಯಾಸ) ಆಳಬೇಕು.

ಆ ಒಂದನ್ನು ಕಟ್ಟಲು ನಾಯ್ಸ್ ಟೆಕ್ಸ್ಚರ್ ಎರಡು ಹಾಕಿ. ಒಂದರ ಸ್ಕೇಲ್ 0.5, ಇದು ಎರಡು ಮೀಟರ್ ಅಳತೆಯ ದೊಡ್ಡ ತೇಪೆಗಳಿಗೆ. ಇನ್ನೊಂದು 4, ಇದು ಗೇಣುದ್ದದ ಸಂದುಗಳಿಗೆ. ನಾಯ್ಸನ್ನು ನೇರವಾಗಿ ಡೆನ್ಸಿಟಿ ಫ್ಯಾಕ್ಟರ್‌ಗೆ ಜೋಡಿಸಿದರೆ ಏನೂ ಆದಂತೆ ಕಾಣುವುದಿಲ್ಲ. ಅದರ ಬೆಲೆಗಳು ಬಹುಪಾಲು 0.5ರ ಸುತ್ತಲೇ ಸುತ್ತುತ್ತವೆ. ಎರಡಕ್ಕೂ ಒಂದೊಂದು ಕಲರ್ ರ‍್ಯಾಂಪ್ ಹಾಕಿ, ಕಪ್ಪನ್ನು 0.4ಕ್ಕೆ, ಬಿಳಿಯನ್ನು 0.6ಕ್ಕೆ ಎಳೆಯಿರಿ. ಆಮೇಲೆ ಎರಡನ್ನೂ ಗುಣಿಸಿ ಫ್ಯಾಕ್ಟರ್‌ಗೆ ಕೊಡಿ.

ಆದರೂ ತೇಪೆ ಬರಲಿಲ್ಲವೇ? ನಿಮ್ಮ ನೆಲದಲ್ಲಿ ನಾಲ್ಕೇ ಮೂಲೆ ಇರಬೇಕು. ನಾಯ್ಸನ್ನು ಬ್ಲೆಂಡರ್ ಅಳೆಯುವುದು ಮೆಶ್‌ನ ಮೂಲೆಗಳಲ್ಲಿ. ನಡುವಿನದನ್ನು ಅಂದಾಜಿನಲ್ಲಿ ತುಂಬಿಬಿಡುತ್ತದೆ. ಡಿಸ್ಟ್ರಿಬ್ಯೂಟ್‌ಗೆ ಮೊದಲು ಸಬ್‌ಡಿವೈಡ್ ಮೆಶ್ ನೋಡ್ ಹಾಕಿ, ಲೆವೆಲ್ 7 ಕೊಡಿ. 10 ಮೀಟರ್ ನೆಲ 8 ಸೆಂಟಿಮೀಟರ್ ಚೌಕಗಳಾಗುತ್ತದೆ, ತೇಪೆಗಳು ತಟ್ಟನೆ ಎದ್ದು ಕಾಣುತ್ತವೆ. ಎಷ್ಟೋ ಜನ ಈ ಒಂದು ನೋಡ್ ಇಲ್ಲದೆ ಇಡೀ ಸಂಜೆ ಕಳೆದು ಕೈಬಿಟ್ಟಿದ್ದನ್ನು ನೋಡಿದ್ದೇನೆ.

ಗುಣಿಸಿ ಬಂದ ಅದೇ ನಾಯ್ಸಿನಿಂದ ಇನ್ನೊಂದು ಎಳೆ ತೆಗೆದು ಮ್ಯಾಪ್ ರೇಂಜ್ ಮೂಲಕ 0.5ರಿಂದ 1.3ಕ್ಕೆ ತಂದು ಸ್ಕೇಲ್‌ಗೆ ಕೊಡಿ. ಮೂರನೆಯ ಎಳೆ ಬಣ್ಣಕ್ಕೆ, ಬೆಲೆಯನ್ನು ಒಂದು ಹೆಸರಿನಲ್ಲಿ ಉಳಿಸಿಡುವ ಸ್ಟೋರ್ ನೇಮ್ಡ್ ಆಟ್ರಿಬ್ಯೂಟ್‌ಗೆ. ಅದು ಇನ್‌ಸ್ಟನ್ಸ್ ನೋಡ್‌ಗಿಂತ ಮೊದಲೇ, ಪಾಯಿಂಟ್‌ಗಳ ಮೇಲೆ ಇರಬೇಕು. ಇಷ್ಟಾದ ಮೇಲೆ ರ‍್ಯಾಂಡಮ್ ಬೇಕಿದ್ದರೆ ಉಪ್ಪಿನಷ್ಟು ಬೆರೆಸಿ. ತಿರುವಿಗೆ, ರೇಡಿಯನ್ ಲೆಕ್ಕದಲ್ಲಿ: ಝಡ್ ಅಕ್ಷದಲ್ಲಿ 0ಯಿಂದ 6.28, ಉಳಿದೆರಡರಲ್ಲಿ ಮೈನಸ್ 0.2ರಿಂದ 0.2. ಕಾಲುದಾರಿ ಇದ್ದರೆ ವೇಟ್ ಪೇಂಟ್‌ನಲ್ಲಿ (ಮೆಶ್ ಮೇಲೆ ಕುಂಚದಿಂದ 0ಯಿಂದ 1ರ ಬೆಲೆ ಬಳಿಯುವುದು) ದಾರಿಗೆ 0, ಉಳಿದ ನೆಲಕ್ಕೆ 1 ಬಳಿದು ನಾಯ್ಸಿಗೆ ಗುಣಿಸಿ.

ಬಣ್ಣ, ಬೆಳಕು

ಹುಲ್ಲಿನ ಹಸಿರು ನಾವು ಅಂದುಕೊಂಡಷ್ಟು ಹಸಿರಲ್ಲ. ಬಣ್ಣದ ಪೆಟ್ಟಿಗೆಯಲ್ಲಿ ಹ್ಯೂ 0.33 ಅಪ್ಪಟ ಹಸಿರು, ಆ ಕಡೆ ಹೋಗಲೇಬೇಡಿ. 0.22ರಿಂದ 0.27ರ ಒಳಗೆ ಇರಿ. ಬುಡದ ಮೆಟೀರಿಯಲ್‌ನಲ್ಲಿ (ಬಣ್ಣ, ಹೊಳಪಿನ ಸೆಟ್ಟಿಂಗ್) ಆಟ್ರಿಬ್ಯೂಟ್ ನೋಡ್‌ನ ಬಗೆಯನ್ನು ಇನ್‌ಸ್ಟನ್ಸರ್ ಎಂದು ಬದಲಿಸಿ, ಉಳಿಸಿಟ್ಟ ನಾಯ್ಸಿನಿಂದ ಹಳದಿ ಮತ್ತು ಹಸಿರಿನ ನಡುವೆ ಆಡಿಸಿ. ಇದೇ ಗುಡ್ಡ ಮಾರ್ಚ್‌ನಲ್ಲಿ ಬೇಕೆಂದರೆ ಎರಡೂ ತುದಿಯನ್ನು ಒಣಹುಲ್ಲಿನ ಬಣ್ಣಕ್ಕೆ ಸರಿಸಿದರಾಯಿತು.

ಮೆಟೀರಿಯಲ್‌ಗೆ ಸಾಮಾನ್ಯವಾಗಿ ಬಳಸುವ ಪ್ರಿನ್ಸಿಪಲ್ಡ್ ಶೇಡರ್ ಒಂದೇ ಸಾಲದು. ಬೆಳಕನ್ನು ಒಳಗಿಂದ ಹಾಯಿಸುವ ಟ್ರಾನ್ಸ್‌ಲ್ಯೂಸೆಂಟ್ ಶೇಡರ್ ಅನ್ನು ಶೇ 35ರಷ್ಟು ಬೆರೆಸಿ, ಅದರ ಬಣ್ಣ ಇನ್ನೂ ಸ್ವಲ್ಪ ಹಳದಿ ಇರಲಿ. ಸೂರ್ಯನನ್ನು ಕ್ಯಾಮೆರಾದ ಬೆನ್ನಿಗೆ ಇಡಬೇಡಿ. ಎದುರಿಗೋ ಪಕ್ಕಕ್ಕೋ, 20 ಡಿಗ್ರಿ ಎತ್ತರದಲ್ಲಿಡಿ. ಎಸಳಿನೊಳಗಿಂದ ಬೆಳಕು ಹಾಯ್ದು ಬಂದಾಗಲೇ ಅದು ಎಲೆ ಅನ್ನಿಸುವುದು. ನೆಲಕ್ಕೆ ಕಂದು ಮಣ್ಣಿನ ಬಣ್ಣ ಕೊಡಿ.

ರೆಂಡರ್‌ಗೆ ಮುಂಚೆ

ವ್ಯೂಪೋರ್ಟ್‌ನಲ್ಲಿ (ಕೆಲಸ ಮಾಡುವ ಕಿಟಕಿ) ಡೆನ್ಸಿಟಿಯನ್ನು ಶೇ 5ಕ್ಕೆ ಇಳಿಸಿಟ್ಟು ಕೆಲಸ ಮಾಡಿ. ಇಸ್ ವ್ಯೂಪೋರ್ಟ್ ನೋಡ್ ಇರುವುದೇ ಅದಕ್ಕೆ. ನಲವತ್ತು ಮೀಟರ್ ಆಚೆ ಎಸಳು ಬೇಕಿಲ್ಲ, ನಾಯ್ಸಿನ ಬಣ್ಣ ಬಳಿದ ನೆಲ ಮತ್ತು ಅಲ್ಲೊಂದು ಇಲ್ಲೊಂದು ಬುಡ ಸಾಕು. ಸ್ಯಾಂಪಲ್ (ಪ್ರತಿ ಪಿಕ್ಸೆಲ್‌ಗೆ ಬೆಳಕನ್ನು ಎಷ್ಟು ಸಲ ಅಳೆಯಬೇಕು ಎಂಬ ಸಂಖ್ಯೆ) ತೀರಾ ಕಡಿಮೆ ಇಟ್ಟು ಎಲ್ಲವನ್ನೂ ಚಿತ್ರದ ಚುಕ್ಕೆ ಗದ್ದಲ ಅಳಿಸುವ ಡೀನಾಯ್ಸರ್ ನೋಡಿಕೊಳ್ಳಲಿ ಎಂದು ಬಿಡಬೇಡಿ. ಅದು ತೆಳು ಎಸಳನ್ನೂ ಗದ್ದಲವೆಂದೇ ತಿಳಿದು ಕಲಸಿಹಾಕುತ್ತದೆ. 500 ಸ್ಯಾಂಪಲ್ ಕೊಟ್ಟು, ಡೀನಾಯ್ಸ್ ಇಲ್ಲದ ಚಿತ್ರವನ್ನೂ ಉಳಿಸಿಕೊಂಡು, ಹುಲ್ಲಿರುವ ಕಡೆ ಎರಡನ್ನೂ ಅರ್ಧರ್ಧ ಬೆರೆಸಿ.