ಮುಂದಿನ ವಾರ ಇಲ್ಲದ ಎಪಿಸೋಡ್

ಧಾರಾವಾಹಿ ಮುಗಿಸುವಾಗ ಏನೇನು ಮುಗಿಯಬೇಕು ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ದೂರವಾದ ಗಂಡ ಹೆಂಡತಿ ಒಂದಾಗಬೇಕು. ಆಸ್ತಿ ಯಾರಿಗೆ ಸೇರಬೇಕೋ ಅವರಿಗೆ ಸೇರಬೇಕು. ಅತ್ತೆಯ ಮನಸ್ಸು ಕರಗಬೇಕು. ಗೇಮ್ ಶೋನಲ್ಲಿ ಕಥೆಯೇ ಇರುವುದಿಲ್ಲ. ಪ್ರತಿ ಎಪಿಸೋಡೂ ಅವತ್ತೇ ಶುರುವಾಗಿ ಅವತ್ತೇ ಮುಗಿಯುತ್ತದೆ. ಹಾಗಾದರೆ ಕೊನೇ ಎಪಿಸೋಡಿನಲ್ಲಿ ಮುಗಿಸೋದು ಏನನ್ನು?

ಮೈಸೂರಿನ ಒಂದು ಲೋಕಲ್ ಕೇಬಲ್ ಚಾನೆಲ್‌ನಲ್ಲಿ ವಾರಕ್ಕೊಂದು ಸಲ ಬರುತ್ತಿದ್ದ ನಮ್ಮ ಕುಟುಂಬ ಕ್ವಿಜ್ ನಿಲ್ಲಿಸಬೇಕಾಗಿ ಬಂದಾಗ ನನಗೆ ಎದುರಾದ ಪ್ರಶ್ನೆ ಇದು. ನಿರೂಪಕ ನಾನೇ, ಪ್ರಶ್ನೆ ಬರೆಯುತ್ತಿದ್ದವನೂ ನಾನೇ. 2013ರ ಮಾರ್ಚ್ ಕೊನೆಯೊಳಗೆ ದೇಶದ 38 ಊರುಗಳಲ್ಲಿ ಕೇಬಲ್ ಡಿಜಿಟಲ್ ಆಗಬೇಕು ಅಂತ ಸರ್ಕಾರ ಗಡುವು ಕೊಟ್ಟಿತ್ತು. ಆ ಪಟ್ಟಿಯಲ್ಲಿ ಮೈಸೂರೂ ಇತ್ತು. ಮನೆಮನೆಗೂ ಸೆಟ್ ಟಾಪ್ ಬಾಕ್ಸ್ ಬಂದಾಗಲೇ ಲೋಕಲ್ ಕಾರ್ಯಕ್ರಮಗಳ ಕಾಲ ಮುಗೀತು ಅಂದವರಿದ್ದರು. ನಾವು ಆಗ ಉಳಿದುಕೊಂಡೆವು. ಆಮೇಲೆ ಜನರ ಕಣ್ಣು ಟಿವಿಯಿಂದ ಮೊಬೈಲ್‌ಗೆ ಹೋಯಿತು, ಜಾಹೀರಾತೂ ಅದರ ಹಿಂದೆಯೇ ಹೋಯಿತು. ಬಹುಮಾನಕ್ಕೆ ಸ್ಟೀಲ್ ಡಬ್ಬಿ ಸೆಟ್ ಕೊಡುತ್ತಿದ್ದ ಪಾತ್ರೆ ಅಂಗಡಿಯವರು ಇನ್ನು ಆಗಲ್ಲ ಅಂದರು. ಚಾನೆಲ್‌ನವರು ಕರೆದು, ಇನ್ನೊಂದು ತಿಂಗಳು ಇದೆ, ಚೆನ್ನಾಗಿ ಮುಗಿಸಿ ಅಂದರು. ಆ ಒಂದು ತಿಂಗಳು ದೊಡ್ಡದು. ಎಷ್ಟೋ ಕಾರ್ಯಕ್ರಮಗಳು ಹೇಳದೆ ಕೇಳದೆ ನಿಂತುಹೋಗುತ್ತವೆ. ಒಂದು ವಾರ ಬರುವುದಿಲ್ಲ, ಮುಂದಿನ ವಾರವೂ ಬರುವುದಿಲ್ಲ, ಅಷ್ಟೇ.

ಸುದ್ದಿ ಹರಡಿದ ಕೂಡಲೇ ಸಲಹೆಗಳು ಬಂದವು. ಮುಖ್ಯ ಅತಿಥಿ ಕರೆಸೋಣ, ಮೈಸೂರು ಪೇಟ ತೊಡಿಸೋಣ, ಶಾಲು ಹೊದಿಸೋಣ, ಹಳೇ ಎಪಿಸೋಡುಗಳ ತುಣುಕು ಜೋಡಿಸಿ ಹಿಂದೆ ಕೊಳಲು ಹಾಕೋಣ. ಪ್ರೀತಿಯಿಂದಲೇ ಹೇಳಿದರು. ಆದರೆ ಹಾಗೆ ಮಾಡಿದರೆ ಆಡೋಕೆ ಬಂದ ಮನೆಯವರು ಎಲ್ಲಿ ಕೂರಬೇಕು? ಸನ್ಮಾನ ಸಮಾರಂಭಕ್ಕೆ ಪುರಭವನ ಇದೆ. ನಮ್ಮದು ಆಟ. ಹೊರಡುವ ದಿನವೂ ಆಟ ನಡೆಯಲೇಬೇಕು ಅನ್ನೋದು ಮೊದಲ ದಿನವೇ ನನಗೆ ಖಚಿತವಾಗಿತ್ತು. ಹೇಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ. ಅದಕ್ಕೇ ರಾತ್ರಿ ಹೊತ್ತು ಕೂತು, ಬೇರೆಯವರು ಹೇಗೆ ಹೊರಟರು ಅಂತ ಹುಡುಕಿ ಹುಡುಕಿ ನೋಡಿದೆ.

ನನಗೆ ತುಂಬಾ ಹಿಡಿಸಿದ್ದು ಅಮೆರಿಕದ 'ವಾಟ್ಸ್ ಮೈ ಲೈನ್'. 1950ರಲ್ಲಿ ಶುರುವಾದ ಕಾರ್ಯಕ್ರಮ. ಬಂದವರ ಕಸುಬು ಏನು ಅಂತ ಪ್ರಶ್ನೆ ಕೇಳಿ ಕೇಳಿ ಪತ್ತೆ ಹಚ್ಚುವ ಆಟ. ಕೊನೇ ಸುತ್ತಿನಲ್ಲಿ ಒಬ್ಬ ಪ್ರಸಿದ್ಧ ವ್ಯಕ್ತಿ ಬರುತ್ತಾರೆ. ಪತ್ತೆ ಹಚ್ಚುವವರೆಲ್ಲ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಅತಿಥಿ ದನಿ ಬದಲಿಸಿ ಉತ್ತರ ಕೊಡುತ್ತಾರೆ. ನೇರ ಪ್ರಸಾರವಾದ್ದರಿಂದ ಅತಿಥಿ ಕೈಕೊಟ್ಟರೆ ಗತಿ ಏನು ಅನ್ನುವ ಭಯ ಇದ್ದೇ ಇತ್ತು. ಹಾಗೇನಾದರೂ ಆದರೆ ನಿರೂಪಕ ಜಾನ್ ಚಾರ್ಲ್ಸ್ ಡೇಲಿ ತಾವೇ ಆ ಜಾಗದಲ್ಲಿ ಕೂರುವುದು ಅಂತ ಏರ್ಪಾಡು. ಅಷ್ಟು ವರ್ಷದಲ್ಲಿ ಒಮ್ಮೆಯೂ ಆ ಸಂದರ್ಭ ಬರಲಿಲ್ಲ. 1967ರ ಸೆಪ್ಟೆಂಬರ್ 3ರಂದು, ಕೊನೇ ಎಪಿಸೋಡಿನಲ್ಲಿ, ಡೇಲಿಯೇ ಆ ಅತಿಥಿಯಾದರು. ಅವರು ಭಾಷಣ ಮಾಡಿ ಹೊರಡಲಿಲ್ಲ. ಆಟದೊಳಗೇ ತಮ್ಮ ಜಾಗ ಬದಲಿಸಿದರು. ಇದನ್ನು ನೋಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ಸರಳವಾಗಿ, ಇಷ್ಟು ಚೆನ್ನಾಗಿ ವಿದಾಯ ಹೇಳಬಹುದಲ್ವಾ ಅನ್ನಿಸಿತು.

ಮನಸ್ಸನ್ನು ಕಲಕಿದ್ದು ಅಮೆರಿಕದ್ದೇ ಇನ್ನೊಂದು ಕ್ವಿಜ್ 'ಜೆಪರ್ಡಿ'ಯ ನಿರೂಪಕ ಅಲೆಕ್ಸ್ ಟ್ರೆಬೆಕ್ ಅವರದು. 1984ರಿಂದ ನಡೆಸಿಕೊಟ್ಟವರು. ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಬಿಡಲಿಲ್ಲ. ಕೊನೇ ದಿನ ಏನು ಮಾಡುತ್ತೀರಿ ಅಂತ ಕೇಳಿದ್ದಕ್ಕೆ, ಎಪಿಸೋಡಿನ ಕೊನೆಗೆ ನನಗೆ 30 ಸೆಕೆಂಡ್ ಉಳಿಸಿ, ಅಷ್ಟು ಸಾಕು ಅಂತ ನಿರ್ದೇಶಕರಿಗೆ ಹೇಳುತ್ತೇನೆ ಅಂದಿದ್ದರು. 2020ರ ಅಕ್ಟೋಬರ್ 29ರಂದು ಚಿತ್ರೀಕರಣ ಮುಗಿಸಿ ಹೋದರು. ನವೆಂಬರ್ 8ರಂದು ತೀರಿಕೊಂಡರು. ಅವತ್ತು ಚಿತ್ರಿಸಿದ ಎಪಿಸೋಡ್ 2021ರ ಜನವರಿ 8ರಂದು ಬಂತು. ಅದೇ ಕೊನೆಯದು ಅಂತ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಆ 30 ಸೆಕೆಂಡ್ ಅದರಲ್ಲಿ ಇಲ್ಲ. ಆಟ ಮಾತ್ರ ಪೂರ್ತಿ ಇದೆ.

ಬಾಬ್ ಬಾರ್ಕರ್ 1972ರಿಂದ ನಡೆಸಿದ 'ದಿ ಪ್ರೈಸ್ ಈಸ್ ರೈಟ್' ಬಿಟ್ಟದ್ದು 2007ರ ಜೂನ್ 15ರಂದು. ನಾಯಿ ಬೆಕ್ಕುಗಳಿಗೆ ಸಂತಾನಹರಣ ಮಾಡಿಸಿ ಅಂತ ಎಪಿಸೋಡಿನ ಕೊನೆಗೆ ಹೇಳುವುದು ಅವರ ರೂಢಿ. ಕೊನೇ ದಿನವೂ ಅದನ್ನೇ ಹೇಳಿ ಹೊರಟರು. 'ವೀಲ್ ಆಫ್ ಫಾರ್ಚೂನ್'ನ ಪ್ಯಾಟ್ ಸೇಜಾಕ್ 2024ರ ಜೂನ್ 7ರಂದು ಸ್ವಲ್ಪ ಜಾಸ್ತಿಯೇ ಮಾತಾಡಿದರು. ಆದರೆ ಅಲ್ಲೊಂದು ಒಳ್ಳೆಯ ಮಾತಿತ್ತು: ಮನೆಮಂದಿ ಮುಜುಗರವಿಲ್ಲದೆ ಕೂತು ನೋಡುವ ಅರ್ಧ ಗಂಟೆಯನ್ನು ಕಾಪಾಡುವುದು ತಮ್ಮ ಜವಾಬ್ದಾರಿಯಾಗಿತ್ತು ಅನ್ನೋ ಅರ್ಥದ್ದು. ನಮ್ಮಲ್ಲಿ ಅಮಿತಾಭ್ ಬಚ್ಚನ್ 2023ರ ಡಿಸೆಂಬರ್ 29ರಂದು ಕೆಬಿಸಿಯ 15ನೇ ಸೀಸನ್ ಮುಗಿಸುವಾಗ, ನಾಳೆಯಿಂದ ಈ ವೇದಿಕೆ ಸಿಂಗಾರಗೊಳ್ಳುವುದಿಲ್ಲ ಅಂತ ಗದ್ಗದರಾದರು. 2024ರ ಆಗಸ್ಟ್‌ನಲ್ಲಿ ಮತ್ತೆ ಬಂದರು, ಸಂತೋಷ. ಸೀಸನ್ ಲೆಕ್ಕದ ಕಾರ್ಯಕ್ರಮಗಳಿಗೆ ಆ ಅನುಕೂಲ ಇದೆ. ನಮಗೆ ಇರಲಿಲ್ಲ.

ದಾರಿ ತೋರಿಸಿದ್ದು ಮಾತ್ರ ಬಿಬಿಸಿಯ 'ಮಾಸ್ಟರ್‌ಮೈಂಡ್'. 1972ರಿಂದ 1997ರವರೆಗೆ ಮ್ಯಾಗ್ನಸ್ ಮ್ಯಾಗ್ನಸನ್ ನಡೆಸಿಕೊಟ್ಟದ್ದು. ಪ್ರಶ್ನೆ ಓದುತ್ತಿರುವಾಗಲೇ ಸಮಯ ಮುಗಿದ ಗಂಟೆ ಬಾರಿಸಿದರೆ, ಶುರು ಮಾಡಿದ್ದೇನೆ, ಮುಗಿಸಿಯೇ ಬಿಡುತ್ತೇನೆ ಅಂತ ಹೇಳಿ ಪ್ರಶ್ನೆಯನ್ನು ಪೂರ್ತಿ ಓದುತ್ತಿದ್ದರು, ಉತ್ತರವನ್ನೂ ಕೇಳುತ್ತಿದ್ದರು. ಅವರು ಬಿಟ್ಟಾಗ ಸ್ಪರ್ಧಿಗಳು ಕೂರುತ್ತಿದ್ದ ಆ ಕಪ್ಪು ಕುರ್ಚಿ ಅವರ ಮನೆಗೇ ಹೋಯಿತು. ನಾನು ಹಿಡಿದುಕೊಂಡದ್ದು ಅವರ ಮಾತನ್ನು. ಗೇಮ್ ಶೋ ಅಂದರೆ ವಾರವಾರವೂ ಜನರಿಗೆ ಏನನ್ನಾದರೂ ಮಾತು ಕೊಡುತ್ತಲೇ ಹೋಗುವುದು. ಗೆದ್ದರೆ ಇದು ಕೊಡ್ತೀವಿ, ಉತ್ತರ ಮುಂದಿನ ವಾರ ಹೇಳ್ತೀವಿ, ಹೆಸರು ಕೊಟ್ಟರೆ ಕರೀತೀವಿ. ಹಾಗಾದರೆ ಕೊನೇ ಎಪಿಸೋಡಿನಲ್ಲಿ ಮಾಡಬೇಕಾದ್ದು ಬಾಕಿ ತೀರಿಸುವ ಕೆಲಸ. ಅದಾದ ಮೇಲೆ ನಮಸ್ಕಾರ.

ಒಂದು ಹಾಳೆ ತೆಗೆದುಕೊಂಡು ಬಾಕಿ ಏನೇನಿದೆ ಅಂತ ಬರೆದೆ.

ಮೊದಲನೆಯದು ವೀಕ್ಷಕರ ಪ್ರಶ್ನೆ. ಪ್ರತಿ ವಾರ ಮನೆಯಲ್ಲಿ ಕೂತವರಿಗೆ ಒಂದು ಪ್ರಶ್ನೆ ಕೇಳಿ, ಉತ್ತರ ಮುಂದಿನ ವಾರ ಹೇಳುತ್ತಿದ್ದೆವು. ಮೊದಲು ಕಾರ್ಡ್ ಬರುತ್ತಿತ್ತು, ಆಮೇಲೆ ವಾಟ್ಸಾಪ್. ಕೊನೇ ದಿನ ಒಂದು ಪ್ರಶ್ನೆ ಕೇಳಿ ಉತ್ತರ ಹೇಳದೆ ಬಿಟ್ಟರೆ ಜನ ಅದನ್ನೇ ನೆನಪಿಟ್ಟುಕೊಳ್ಳುತ್ತಾರೆ ಅಂತ ನಮ್ಮ ಎಡಿಟರ್ ಹುಡುಗನ ವಾದ. ಚುರುಕು ಹುಡುಗ, ಯೋಚನೆಯೂ ಚುರುಕಾಗಿಯೇ ಇತ್ತು. ನಾನು ಒಪ್ಪಲಿಲ್ಲ. ಪ್ರಶ್ನೆ ಕೇಳಿದವನು ಉತ್ತರ ಕೊಡಬೇಕು. ಹೋದ ವಾರದ ಉತ್ತರ ಮೊದಲೇ ಹೇಳಿ, ಈ ವಾರದ ಪ್ರಶ್ನೆಗೆ ಅದೇ ಎಪಿಸೋಡಿನ ಕೊನೆಗೆ ಉತ್ತರ ಕೊಡೋದು ಅಂತ ತೀರ್ಮಾನವಾಯಿತು.

ಎರಡನೆಯದು ಗೆದ್ದವರ ಕಥೆ. ನಮ್ಮಲ್ಲಿ ಗೆದ್ದ ಮನೆಯವರು ಮುಂದಿನ ವಾರ ಬಂದು ಹೊಸ ಮನೆಯವರ ಜೊತೆ ಆಡಬೇಕು. ಆ ನಿಯಮವೇ ಕಾರ್ಯಕ್ರಮದ ಜೀವ. ಮುಂದಿನ ವಾರವೇ ಇಲ್ಲ ಅಂದರೆ ಕೊನೆಗೆ ಗೆದ್ದವರಿಗೆ ಏನು? ಹಳೇ ವಿಜೇತರನ್ನೆಲ್ಲ ಸೇರಿಸಿ ದೊಡ್ಡ ಫೈನಲ್ ಮಾಡೋಣ ಅಂದರು. ಆಗ ಸರದಿಯಲ್ಲಿ ಮೊದಲು ಇದ್ದ ಮನೆಯವರಿಗೆ ಅನ್ಯಾಯವಾಗುತ್ತಿತ್ತು. ಹಾಗಾಗಿ ಮಾಮೂಲಿನಂತೆಯೇ ಹೋದ ವಾರ ಗೆದ್ದ ಸರಸ್ವತಿಪುರಂನ ಮನೆಯವರು ಒಂದು ಕಡೆ, ಪಟ್ಟಿಯಲ್ಲಿ ಮೊದಲಿದ್ದ ಮಂಡ್ಯ ಕಡೆಯ ಮನೆಯವರು ಇನ್ನೊಂದು ಕಡೆ. ಗೆದ್ದವರಿಗೆ ಆ ವಾರದ ಬಹುಮಾನದ ಜೊತೆಗೆ, ಬಾರದ ಮುಂದಿನ ವಾರದ ಬಹುಮಾನವನ್ನೂ ಕೊಡೋದು. ಪಾತ್ರೆ ಅಂಗಡಿಯವರಿಗೆ ಹೇಳಿದಾಗ ಅವರು ಎರಡನೇ ಮಾತಾಡದೆ ಇನ್ನೊಂದು ಡಬ್ಬಿ ಸೆಟ್ ಕಳಿಸಿದರು. ಜೊತೆಗೆ ಪುಸ್ತಕಗಳನ್ನೂ ಇಟ್ಟೆವು. ಚಂದನದಲ್ಲಿ 2002ರ ಜನವರಿಯಲ್ಲಿ ಶುರುವಾದ 'ಥಟ್ ಅಂತ ಹೇಳಿ' ನೋಡಿ ಬೆಳೆದ ಕ್ವಿಜ್‌ನವರಿಗೆಲ್ಲ ಪುಸ್ತಕವೇ ಬಹುಮಾನ ಅನ್ನೋದು ಮನಸ್ಸಿನಲ್ಲಿ ಕೂತಿದೆ. ಡಾ. ನಾ. ಸೋಮೇಶ್ವರ ಅವರು ಸರಿ ಉತ್ತರಕ್ಕೆ ಪುಸ್ತಕ ಕೊಡುವುದನ್ನು ನೋಡಿಯೇ ನಾನು ಈ ಕೆಲಸಕ್ಕೆ ಬಂದದ್ದು.

ಮೂರನೆಯದೇ ಭಾರ: ಹೆಸರು ಕೊಟ್ಟು ಕಾಯುತ್ತಿದ್ದ ಮನೆಗಳು. ಮೈಸೂರು, ನಂಜನಗೂಡು, ಶ್ರೀರಂಗಪಟ್ಟಣ, ಮದ್ದೂರು, ಟಿ. ನರಸೀಪುರ. ಅದರ ವಿಷಯ ಆಮೇಲೆ ಹೇಳುತ್ತೇನೆ.

ಚಿತ್ರೀಕರಣದ ದಿನ ಸ್ಟುಡಿಯೊದಲ್ಲಿ ಹೊಸದು ಅಂತ ಏನೂ ಮಾಡಲಿಲ್ಲ. ನಮ್ಮ ಬಜರ್ ಅಂದರೆ ಒಂದು ಮರದ ಹಲಗೆ, ಅದರ ಮೇಲೆ ಕಾಲಿಂಗ್ ಬೆಲ್ ಸ್ವಿಚ್ಚು, ಮುಂದೆ ಕೆಂಪು, ಹಸಿರು ಬಲ್ಬು. ಯಾರು ಮೊದಲು ಒತ್ತುತ್ತಾರೋ ಅವರ ಬಲ್ಬು ಹತ್ತುತ್ತದೆ, ಇನ್ನೊಂದು ಹತ್ತುವುದೇ ಇಲ್ಲ. ಸ್ವಿಚ್ಚಿನ ಬಿಳಿ ಬಣ್ಣ ಬೆರಳು ತಾಗಿ ತಾಗಿ ಹಳದಿಗೆ ತಿರುಗಿತ್ತು. ಹೊಸದು ಹಾಕಿಸೋಣ ಅಂದದ್ದಕ್ಕೆ ಬೇಡ ಅಂದೆ. ಎಲ್ಲರೂ ಒತ್ತಿದ ಸ್ವಿಚ್ಚನ್ನೇ ಅವತ್ತು ಬಂದವರೂ ಒತ್ತಲಿ.

ಮೊದಲೆರಡು ಸುತ್ತು ಎಂದಿನ ಹಾಗೆ. ಚಿತ್ರ ನೋಡಿ ಹೇಳುವುದು, ಗಾದೆ ಪೂರ್ತಿ ಮಾಡುವುದು. ಮೂರನೇ ಸುತ್ತಿಗೆ ಡೇಲಿಯವರಿಂದ ಕಲಿತದ್ದನ್ನು ಮಾಡಿದೆ. ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಹೋಗಿ ಸ್ಪರ್ಧಿಗಳ ಕುರ್ಚಿಯಲ್ಲಿ ಕೂತೆ. ಎರಡೂ ಮನೆಯವರು ಸರದಿಯಂತೆ ನನಗೆ ಪ್ರಶ್ನೆ ಕೇಳಬೇಕು. ನಾನು ಉತ್ತರ ಹೇಳದಿದ್ದರೆ ಅಂಕ ಅವರಿಗೆ. ಸರಸ್ವತಿಪುರಂನ ಹುಡುಗಿ ಅರಮನೆಯ ವಾಸ್ತುಶಿಲ್ಪಿ ಯಾರು ಅಂತ ಕೇಳಿದಳು. ಹೆನ್ರಿ ಇರ್ವಿನ್ ಅಂತ ಕೂಡಲೇ ಹೇಳಿದೆ. ಮಂಡ್ಯ ಕಡೆಯ ಅಜ್ಜಿ ಸೆರಗು ಸರಿ ಮಾಡಿಕೊಂಡು, "ಆಲೆಮನೇಲಿ ಕಬ್ಬಿನ ಹಾಲಿನ ಕೊಳೆ ತೆಗೆಯಾಕೆ ಯಾವ ಗಿಡದ ಲೋಳೆ ಹಾಕ್ತಾರೆ, ಹೇಳಿ ಸಾ" ಅಂದರು. ಬೆಂಡೆ ಅಂತ ಗೊತ್ತಿತ್ತು. ಆದರೂ ಬಾಯಿಗೆ ಬರುವಷ್ಟರಲ್ಲಿ ಬೆಲ್ ಹೊಡೆಯಿತು. ಹತ್ತು ಸೆಕೆಂಡ್ ಎಷ್ಟು ಚಿಕ್ಕದು ಅನ್ನೋದು ಆ ಕುರ್ಚಿಯಲ್ಲಿ ಕೂತಾಗಲೇ ತಿಳಿಯೋದು. ಅಜ್ಜಿಯ ಮೊಮ್ಮಗ ಎದ್ದು ನಿಂತು ಚಪ್ಪಾಳೆ ಹೊಡೆದ.

ಆ ಅಂಕದಿಂದಲೇ ಅವರು ಮುಂದೆ ಹೋದರು, ಕೊನೆಗೆ ಗೆದ್ದರು. ಡಬ್ಬಿ ಸೆಟ್ ಕೈಗೆ ಬಂದ ಮೇಲೆ ಅಜ್ಜಿ ಕ್ಯಾಮೆರಾ ಓಡುತ್ತಿರುವಾಗಲೇ, "ಏನ್ ಸಾ, ಗೆದ್ರೂ ಮುಂದ್ಲ ವಾರ ಕರೆಯಾಕಿಲ್ವಾ?" ಅಂತ ಕೇಳಿಬಿಟ್ಟರು. ಸ್ಟುಡಿಯೊದಲ್ಲಿ ಇದ್ದವರೆಲ್ಲ ನಕ್ಕರು. ನಾನು ಎರಡನೇ ಡಬ್ಬಿ ಸೆಟ್ ಅವರ ಮುಂದಿಟ್ಟು, "ಇದೇ ಅಜ್ಜಿ, ಮುಂದಿನ ವಾರದ್ದು" ಅಂದೆ. ಎಡಿಟಿಂಗ್‌ನಲ್ಲಿ ಅದನ್ನು ಒಂದು ಚೂರೂ ಕತ್ತರಿಸಲಿಲ್ಲ.

ಮನೆಯಲ್ಲಿ ಕೂತವರಿಗೆ ಕೇಳಿದ ಕೊನೇ ಪ್ರಶ್ನೆ ಬರೆಯಲು ತುಂಬಾ ಹೊತ್ತು ಹಿಡಿಯಿತು. ಅಳುಮುಂಜಿ ಪ್ರಶ್ನೆ ಬೇಡವಾಗಿತ್ತು. 1935ರಲ್ಲಿ ಮೈಸೂರಿನ ಒಂದು ಮನೆಯಿಂದ ರೇಡಿಯೊ ಪ್ರಸಾರ ಶುರುವಾಯಿತು, ಅದು ಯಾರ ಮನೆ? ಇದು ನಮ್ಮ ಪ್ರಶ್ನೆ. ಉತ್ತರ, ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಅವರದು. ಮನೆಯೊಳಗಿಂದ ಊರಿಗೆಲ್ಲ ಕೇಳುವ ಹಾಗೆ ಮಾತಾಡಿದವರು ಇದೇ ಊರಿನಲ್ಲಿದ್ದರು ಅಂತ ನೆನಪಿಸಿ ಹೊರಡುವುದು ನನಗೆ ಸರಿ ಅನ್ನಿಸಿತು.

ಎಡಿಟರ್ ಹುಡುಗನಿಗೆ ಕೊನೆಗೆ 30 ಸೆಕೆಂಡ್ ಬಿಡು ಅಂತ ಮೊದಲೇ ಹೇಳಿದ್ದೆ, ಟ್ರೆಬೆಕ್ ಕೇಳಿದಷ್ಟೇ. ಬರೆದದ್ದನ್ನು ಓದಿ ಓದಿ ಕಡಿಮೆ ಮಾಡುತ್ತಾ ಹೋದೆ. ನಮ್ಮ ಕಾರ್ಯಕ್ರಮ ರಾತ್ರಿ ಊಟದ ಹೊತ್ತಿಗೆ ಮುಗಿಯುತ್ತಿತ್ತು. "ಮುಂದಿನ ವಾರ ಸಿಗೋಣ, ಈಗ ಊಟಕ್ಕೆ ಏಳಿ" ಅಂತ ಪ್ರತಿ ಸಲ ಹೇಳುವುದು ರೂಢಿ. ಕೊನೇ ಸಲ ಹೇಳಿದ್ದು ಇಷ್ಟು: "ಇಷ್ಟು ಕಾಲ ನಮ್ಮನ್ನು ನಿಮ್ಮ ಮನೆಗೆ ಬರಮಾಡಿಕೊಂಡಿರಿ. ನಿಮ್ಮ ಮನೆಯವರನ್ನು ನಮ್ಮಲ್ಲಿಗೆ ಕಳಿಸಿದಿರಿ. ಈ ಕಾರ್ಯಕ್ರಮ ಇವತ್ತಿಗೆ ಮುಗಿಯಿತು. ಹೆಸರು ಕೊಟ್ಟು ಕಾಯುತ್ತಿರುವವರಿಗೆ ನಾವೇ ಫೋನ್ ಮಾಡುತ್ತೇವೆ. ನಿಮಗೆಲ್ಲ ನಮಸ್ಕಾರ. ಈಗ ಊಟಕ್ಕೆ ಏಳಿ." 30 ಸೆಕೆಂಡ್ ಪೂರ್ತಿ ಬೇಕಾಗಲಿಲ್ಲ. ಉಳಿದ ಹೊತ್ತಿನಲ್ಲಿ ಎರಡೂ ಮನೆಯವರು ಡಬ್ಬಿಗಳನ್ನು ಎತ್ತಿಕೊಳ್ಳುತ್ತಾ ಮಾತಾಡುವುದನ್ನು ಹಾಗೇ ಬಿಟ್ಟೆವು.

ಆಮೇಲೆ ಪಟ್ಟಿ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಟಿವಿಯಲ್ಲಿ ಬರಲ್ಲ, ಬಹುಮಾನ ಅಂದರೆ ಒಂದು ಪುಸ್ತಕ, ಆದರೆ ನಿಮ್ಮ ಸರದಿ ನಿಮಗೆ ಉಂಟು, ಭಾನುವಾರ ಬಂದರೆ ಆಡಿಸ್ತೀವಿ ಅಂದೆ. ಟಿವಿ ಇಲ್ಲದಿದ್ದರೆ ಯಾಕೆ ಸರ್ ಅಂದವರು ಇದ್ದರು, ಅದೂ ನ್ಯಾಯವೇ. ಬಂದವರು ಮಾತ್ರ ಮಕ್ಕಳು ಮರಿ ಎಲ್ಲರನ್ನೂ ಕಟ್ಟಿಕೊಂಡು, ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದರು. ಕ್ಯಾಮೆರಾ ಇಲ್ಲ ಅಂತ ಯಾರೂ ಸದರವಾಗಿ ಆಡಲಿಲ್ಲ. ಮದ್ದೂರಿನ ಅಣ್ಣ ತಮ್ಮ ಅರ್ಧ ಅಂಕಕ್ಕೆ ನನ್ನ ಜೊತೆ ಜಗಳಕ್ಕೇ ನಿಂತರು. ಬಜರ್ ಹಲಗೆ ಈಗ ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದೆ. ಅಲ್ಲಿನ ಮೇಷ್ಟ್ರು ಶನಿವಾರ ಮಕ್ಕಳಿಗೆ ಕ್ವಿಜ್ ಮಾಡಿಸುತ್ತಾರೆ, ಪ್ರಶ್ನೆ ನಾನು ಬರೆದು ಕಳಿಸುತ್ತೇನೆ. ಪಟ್ಟಿಯಲ್ಲಿ ನಂಜನಗೂಡಿನ ಒಂದು ಮನೆ ಉಳಿದಿದೆ. ಅವರು ಕೊಟ್ಟ ನಂಬರ್ ಬದಲಾಗಿದೆ. ಆ ಬೀದಿಯವರನ್ನು ವಿಚಾರಿಸುತ್ತಿದ್ದೇನೆ.