ಮನಸ್ಸಿನ ಅಂಟು ಬಿಡಿಸಲು 20 ನಿಮಿಷ
ರಾಯಚೂರಿನ ಬೇಸಿಗೆಯಲ್ಲಿ ಬೆಳಗಿನ 6ರೊಳಗೇ ಧ್ಯಾನಕ್ಕೆ ಕೂತುಬಿಡಿ. ಬಿಸಿಲೇರಿದರೆ ಗಮನವೆಲ್ಲ ಬೆವರಿನ ಮೇಲೆ. ಒಂದು ಸಲಕ್ಕೆ ಒಂದೇ ಅಂಟು, ಅಂದರೆ ಮನಸ್ಸು ಬಿಡದೆ ಹಿಡಿದ ಒಂದೇ ವಿಷಯ: ಮಾರಿದ ಹೊಲವೋ, ಮುರಿದ ಮಾತೋ. ಮೊದಲ 5 ನಿಮಿಷ ಉಸಿರು ಎಣಿಸಿ, 10 ಆದಮೇಲೆ ಮತ್ತೆ 1ರಿಂದ. ಬಳಿಕ ಆ ವಿಷಯ ನೆನೆದು, ಮೈಯಲ್ಲಿ ಎಲ್ಲಿ ಬಿಗಿಯುತ್ತದೆ ನೋಡಿ.

ಆಗ ತಿರುವಣ್ಣಾಮಲೈಯ ರಮಣ ಮಹರ್ಷಿ ಕಲಿಸಿದ ವಿಚಾರ (ತನ್ನನ್ನೇ ಕೇಳಿಕೊಳ್ಳುವ ಹುಡುಕಾಟ): ‘ಇದು ಯಾರಿಗೆ?’ ‘ನನಗೆ’ ಅನ್ನಿಸಿದರೆ, ‘ಆ ನಾನು ಯಾರು?’ ಹೆಚ್ಚಿನವರು ಎಡವುವುದು ಇಲ್ಲೇ. ಪ್ರಶ್ನೆಯನ್ನೇ ಜಪ ಮಾಡುತ್ತಾರೆ, ಇಲ್ಲವೇ ಜಾಣ ಉತ್ತರ ಹೊಸೆಯುತ್ತಾರೆ. ಒಮ್ಮೆ ಕೇಳಿ ಸುಮ್ಮನಿರಿ. ಮನಸ್ಸು ಹೊಲಕ್ಕೆ ಓಡಿದಾಗ ಮಾತ್ರ ಮತ್ತೆ ಕೇಳಿ. ನೆನಪನ್ನು ಅದುಮಬೇಡಿ, ಅದು ಇಮ್ಮಡಿಯಾಗಿ ಎದ್ದುಬರುತ್ತದೆ.

ತೂಕಡಿಕೆಯೇ? ಕಣ್ಣು ಅರೆ ತೆರೆಯಿರಿ (ರಾತ್ರಿಯ ಮೂರನೇ ರೊಟ್ಟಿ ಬಿಟ್ಟರೂ ಆದೀತು). ಎದೆಬಡಿತ ಜೋರಾದರೆ ಪ್ರಶ್ನೆ ಬಿಟ್ಟು ಉಸಿರಿಗೆ ಮರಳಿ.