ತಲೆಗೆ ಎಣ್ಣೆ ಕಾಯಿಸುವುದು: ಸದ್ದು ನಿಲ್ಲುವವರೆಗೆ ಒಲೆ ಬಿಟ್ಟು ಏಳಬೇಡಿ

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನ ಸೊಸೆ ಮಳೆಗಾಲದಲ್ಲಿ ಕಾಯಿಸಿದ 2 ಲೀಟರ್ ಎಣ್ಣೆ 15 ದಿನಕ್ಕೇ ಬೂಷ್ಟು ಹಿಡಿದು ಅಡಿಕೆ ಮರದ ಬುಡ ಸೇರಿತು. ಪಕ್ಕದ ಮನೆಯವರದ್ದು ಇನ್ನೊಂದು ಕಥೆ. ಕರ್ರಗೆ ಸೀದ ಎಣ್ಣೆಯನ್ನು ‘ಗರುಗದ ಸೊಪ್ಪಿನ ಬಣ್ಣ’ ಅಂದುಕೊಂಡು ವರ್ಷವಿಡೀ ಹಚ್ಚಿಕೊಂಡರು. ಇಬ್ಬರೂ ಸೊಪ್ಪು ಸರಿಯಾಗಿಯೇ ಹಾಕಿದ್ದರು. ಕೈಕೊಟ್ಟದ್ದು ಹದ.

ಬೇಕಾದದ್ದು 1 ಲೀಟರ್ ತೆಂಗಿನೆಣ್ಣೆ, ಅರ್ಧ ಲೀಟರ್ ಗರುಗದ ರಸ, ಕಾಲು ಲೀಟರ್ ಒಂದೆಲಗದ ರಸ, ಒಂದು ಹಿಡಿ ಕರಿಬೇವು. ಅಷ್ಟೇ. ಈರುಳ್ಳಿ, ಬಾದಾಮಿ, ಕರಿಜೀರಿಗೆ ಅಂತ ಹದಿನೆಂಟು ಸಾಮಾನು ಸುರಿಯಬೇಡಿ. ದಾಸವಾಳದ ಎಲೆಯೂ ಬೇಡ, ಅದರ ಲೋಳೆ ಬಾಣಲೆ ತಳಕ್ಕೆ ಅಂಟುತ್ತದೆ. ಅದನ್ನು ತಲೆ ತೊಳೆಯುವ ಗೊಂಪಿಗೆ ಇಟ್ಟುಕೊಳ್ಳಿ.

ಗರುಗ ಅಂದರೆ ಭೃಂಗರಾಜ. ಗದ್ದೆ ಅಂಚಿನಲ್ಲಿ, ಕಾಲುವೆ ಬದಿಯಲ್ಲಿ ಬೇಕಾದಷ್ಟು ಬೆಳೆಯುತ್ತದೆ. ಹೂವು ಬಿಳಿ, ಪುಟ್ಟದು. ರಸ್ತೆ ಬದಿಯಲ್ಲಿ ಅಂದಕ್ಕೆ ಹಬ್ಬಿಸುವ ಹಳದಿ ಹೂವಿನ ಬಳ್ಳಿಯನ್ನು ಕಿತ್ತು ತರುವವರನ್ನು ನೋಡಿದ್ದೇನೆ. ಅನುಮಾನ ಬಂದರೆ ದಂಟನ್ನು ಬೆರಳಲ್ಲಿ ಹಿಸುಕಿ. ಸ್ವಲ್ಪ ಹೊತ್ತಿಗೆ ಕಲೆ ಕಪ್ಪಾದರೆ ಗರುಗ.

ಎಣ್ಣೆ ಗಾಣದ್ದೇ ಆಗಲಿ. ‘ಹರ್ಬಲ್’ ಎಂದು ಹಸಿರು ಚೀಟಿ ಅಂಟಿಸಿದ ಎಷ್ಟೋ ಬಾಟಲಿಗಳಲ್ಲಿ ಲಿಕ್ವಿಡ್ ಪ್ಯಾರಾಫಿನ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ, ಇರುತ್ತದೆ. ಹಿಂದಿನ ಸಣ್ಣಕ್ಷರ ಓದಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗಬೇಕು. ನಮ್ಮ ಕಡೆಯ ಚಳಿಗೂ ನೀರಾಗಿಯೇ ನಿಂತಿದ್ದರೆ ಅದರಲ್ಲಿ ಬೇರೇನೋ ಬೆರೆತಿದೆ.

ಸೊಪ್ಪು ತೊಳೆದು, ನೆರಳಲ್ಲಿ ನೀರಾರಿಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿ.

ಇನ್ನು ಒಲೆ. ದಪ್ಪ ತಳದ ಅಗಲ ಬಾಣಲೆ ಇರಲಿ, ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ. ಎಣ್ಣೆ, ರಸ ಎರಡನ್ನೂ ತಣ್ಣಗಿರುವಾಗಲೇ ಸೇರಿಸಿ. ಕಾದ ಎಣ್ಣೆಗೆ ರಸ ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಕರಿಬೇವನ್ನೂ ಜಜ್ಜಿ ಈಗಲೇ ಹಾಕಿ. ಉರಿ ಸಣ್ಣಗಿರಲಿ. ಮೊದಲು ದೊಡ್ಡ ಗುಳ್ಳೆ, ಗೊಳಗೊಳ ಸದ್ದು. ಇದು ಗಂಟೆಗಟ್ಟಲೆ ನಡೆಯುತ್ತದೆ, ಬೇಸರ ಬರುತ್ತದೆ, ‘ಸುಮ್ನೆ ಉರಿ ಜಾಸ್ತಿ ಮಾಡೋಣ’ ಅನಿಸುತ್ತದೆ. ಬೇಡ. ಆಗಾಗ ಮರದ ಸೌಟಿನಿಂದ ತಳ ಕೆರೆಯುತ್ತಿರಿ.

ನೀರಿನಂಶ ಇರುವವರೆಗೆ ಬಾಣಲೆಯ ಕಾವು 100 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ನೀರು ಆರಿದ ಕೂಡಲೇ ಸರ್ರನೆ ಏರುತ್ತದೆ. ಎರಡು ಗಂಟೆ ಏನೂ ಆಗದ ಎಣ್ಣೆ ಕೊನೆಯ ಐದು ನಿಮಿಷದಲ್ಲಿ ಸೀಯುವುದು ಇದಕ್ಕೇ. ಫೋನ್ ಬಂತು ಅಂತ ಎದ್ದು ಹೋಗುವುದೂ ಸರಿಯಾಗಿ ಆಗಲೇ!

ಹಾಗಾಗಿ ಕಿವಿ ಕೊಡಿ. ಗೊಳಗೊಳ ಹೋಗಿ ಸಣ್ಣ ಚಟಚಟ ಶುರುವಾದರೆ ಇನ್ನು ಕದಲಬೇಡಿ. ತಳದ ಗಸಿ ಮೊದಲು ಕೆಸರಿನಂತೆ ಕೈಗೆ ಮೆತ್ತುತ್ತದೆ. ಸೌಟಿನ ತುದಿಯಲ್ಲಿ ಚೂರು ತೆಗೆದು, ಆರಿಸಿ, ಎರಡು ಬೆರಳ ನಡುವೆ ಹೊಸೆಯಿರಿ. ಮೆತ್ತಿದರೆ ಇನ್ನೂ ಹಸಿ. ಮೇಣದ ಹಾಗೆ ಬತ್ತಿಯಾಗಿ ನಿಂತರೆ ಹದ. ಪುಡಿಪುಡಿ ಉದುರಿದರೆ ಕೈಮೀರಿತು. ಆ ಬತ್ತಿಯನ್ನು ಉರಿಗೆ ಹಿಡಿಯಿರಿ. ಚಟಪಟ ಎಂದರೆ ನೀರಿದೆ, ಸದ್ದಿಲ್ಲದೆ ಉರಿದರೆ ಮುಗಿಯಿತು. ಇದು ಹಳೆಯ ವೈದ್ಯರ ಪರೀಕ್ಷೆ, ಯಾವ ಥರ್ಮಾಮೀಟರೂ ಬೇಡ. ಅವರ ಶಾಸ್ತ್ರದ ಲೆಕ್ಕದಲ್ಲಿ ಎಣ್ಣೆಯ ನಾಲ್ಕು ಪಾಲು ರಸ ಹಾಕಬೇಕು. ಮನೆಯಲ್ಲಿ ಅಷ್ಟು ಹೊತ್ತು ಒಲೆ ಕಾಯುವವರು ಯಾರು?

ಹದ ಬಂದ ಕ್ಷಣ ಒಲೆ ಆರಿಸಿದರೆ ಸಾಲದು, ಬಾಣಲೆಯನ್ನೇ ಕೆಳಗಿಳಿಸಿ. ದಪ್ಪ ಬಾಣಲೆಯ ಕಾವಿಗೇ ಗಸಿ ಸೀಯುತ್ತದೆ. ಉಗುರುಬೆಚ್ಚಗಾದ ಮೇಲೆ ಸೋಸಿ, ಪೂರ್ತಿ ಆರಿದ ಮೇಲೆ ಗಾಜಿನ ಬಾಟಲಿಗೆ ತುಂಬಿ. ಬಾಟಲಿಯೊಳಗೆ ನೀರಿನ ಪಸೆ ಇದ್ದರೂ ಪಟ್ಟ ಪಾಡೆಲ್ಲ ವ್ಯರ್ಥ. ಆಷಾಢದಲ್ಲಿ ಗೋಡೆಯೇ ಬೆವರುವ ನಮ್ಮೂರುಗಳಲ್ಲಿ ಬಾಟಲಿ ಒಣಗುವುದು ಬಚ್ಚಲೊಲೆ ಪಕ್ಕ ಇಟ್ಟರೆ ಮಾತ್ರ. ಕಮಟು ವಾಸನೆ ಬಂತೋ, ಚೆಲ್ಲಿಬಿಡಿ.

ಗರುಗದ ಪುಡಿಯನ್ನು ಗ್ರಂಥಿಗೆ ಅಂಗಡಿಯಿಂದ ತಂದು ಎಣ್ಣೆಯಲ್ಲಿ ನೆನೆಸಿದರೆ ಆಗೋಲ್ವಾ? ಆಗುತ್ತೆ, ಆದರೆ ಎಷ್ಟು ಹಳೆಯ ಪುಡಿಯೋ ಯಾರಿಗೆ ಗೊತ್ತು. ನಾನಂತೂ ಮಾಡುವುದಿಲ್ಲ.

ವಾರಕ್ಕೊಮ್ಮೆ ಬೆಚ್ಚಗೆ ಮಾಡಿ ನೆತ್ತಿಗೆ ತಿಕ್ಕಿ, ಅರ್ಧ ಗಂಟೆ ಬಿಟ್ಟು ಸೀಗೆಪುಡಿಯಲ್ಲಿ ಮೀಯಿರಿ. ಕೂದಲು ಒರಟಾಗುವುದು ಕಡಿಮೆಯಾಗುತ್ತದೆ, ನನಗಂತೂ ಆ ರಾತ್ರಿ ಒಳ್ಳೆಯ ನಿದ್ದೆ. ಬೋಳಾದ ಕಡೆ ಕೂದಲು ಹುಟ್ಟುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಿಡಿ ಹಿಡಿ ಉದುರುತ್ತಿದ್ದರೆ ರಕ್ತಹೀನತೆಯೋ ಥೈರಾಯ್ಡೋ ಇರಬಹುದು, ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿ.

ಸೋಸಿ ಉಳಿದ ಗಸಿಯನ್ನು ಎಸೆಯಬೇಡಿ. ಸ್ನಾನಕ್ಕೆ ಮುಂಚೆ ಒಡೆದ ಹಿಮ್ಮಡಿಗೆ ತಿಕ್ಕಿ. ಬಚ್ಚಲ ಕಲ್ಲು ಜಾರುತ್ತದೆ, ಹುಷಾರು.